ಹ್ಯಾಶ್‌ಟ್ಯಾಗ್ ಲಕ್ಷಣ ದೀಪಿಕೆ

ಎರಡು ಅಡ್ಡಗೆರೆಗೆ ಎರಡು ಓರೆಗೆರೆ ಕೂಡಿದರೆ ಹ್ಯಾಶ್. ಅದರ ಬೆನ್ನಿಗೆ ಎಡೆಬಿಡದೆ ಅಕ್ಷರ ಅಂಟಿದರೆ ಹ್ಯಾಶ್‌ಟ್ಯಾಗ್. ಇದು ಲಕ್ಷಣ. ‘ಎಡೆಬಿಡದೆ’ ಎಂದೇಕೆ? ಎಡೆ ಬಿಟ್ಟಲ್ಲಿಗೆ ಟ್ಯಾಗು ಪ್ರಾಣ ಬಿಡುವುದರಿಂದ. ‘#ಕನ್ನಡ ರಾಜ್ಯೋತ್ಸವ’ ಎಂದು ಬರೆದವನಿಗೆ ಕನ್ನಡ ಮಾತ್ರ ನೀಲಿಯಾಗಿ, ಉತ್ಸವ ಕಪ್ಪಾಗಿಯೇ ಉಳಿಯುತ್ತದೆ.

ಹೀಗೆ ಪದಗಳನ್ನು ಬೆಸೆಯುವ ಸಂಧಿ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಇಲ್ಲ. 13ನೇ ಶತಮಾನದಲ್ಲಿ ನೆಟ್‌ವರ್ಕ್ ಇರಲಿಲ್ಲವೆಂದು ಕ್ಷಮಿಸೋಣ. ಇಲ್ಲಿ ಸ್ವರ ಲೋಪವಾಗದು, ಯಕಾರ ವಕಾರ ಆಗಮಿಸವು. ಸಾಯುವುದು ಸ್ಪೇಸ್ ಒಂದೇ. ಆದ್ದರಿಂದ ಇದು ಸ್ಪೇಸ್‌ಲೋಪಸಂಧಿ.

ಕನ್ನಡಕ್ಕೆ ಇನ್ನೊಂದು ಗ್ರಹಚಾರ. ಹಲಂತ, ಗುಣಿತದ ಚಿಹ್ನೆಗಳನ್ನು ಅಕ್ಷರವೆಂದು ಒಪ್ಪದ ಪ್ರೋಗ್ರಾಂಗಳಿವೆ. ಅಂಥ ಕಡೆ ‘#ಕನ್ನಡ’ ಬರೆದರೆ ಕೊಂಡಿಯಾಗುವುದು ‘#ಕನ’ ಅಷ್ಟೆ. ‘#ಪುರಂದರ’ ಮೊದಲ ಕೊಂಬಿಗೇ ಎಡವಿ ‘#ಪ’ ಆಗುತ್ತದೆ. ‘#ಕನಕ’ಕ್ಕೆ ಮಾತ್ರ ಕೂದಲೂ ಕೊಂಕುವುದಿಲ್ಲ. ಹರಿದಾಸ ಸಾಹಿತ್ಯದ ಪಂಡಿತರು ಇದರ ತತ್ತ್ವಾರ್ಥವನ್ನು ಬಿಡಿಸಿ ಹೇಳಬೇಕು.

ಉತ್ಪತ್ತಿಯ ಕಥೆ ಚಿಕ್ಕದು. ಐಆರ್‌ಸಿ ಎಂಬ ಹರಟೆಕಟ್ಟೆಯಲ್ಲಿ ಕೋಣೆಗಳ ಹೆಸರಿನ ಹಿಂದೆ # ಮೊದಲೇ ಇತ್ತು. 2007ರ ಆಗಸ್ಟ್ 23ರಂದು ಕ್ರಿಸ್ ಮೆಸ್ಸಿನಾ ಎಂಬಾತ ಅದನ್ನು ಟ್ವಿಟರ್‌ಗೆ ತರೋಣವೇ ಎಂದು ಕೇಳಿದ. ಕಂಪನಿಯವರು ಮೂಗು ಮುರಿದರು. ಅದೇ ಅಕ್ಟೋಬರಿನಲ್ಲಿ ಸ್ಯಾನ್ ಡಿಯಾಗೊ ಸುತ್ತ ಕಾಳ್ಗಿಚ್ಚು ಹಬ್ಬಿದಾಗ ಜನ ಸುದ್ದಿ ಹುಡುಕಿದ್ದು ಇದೇ ಗೆರೆಗಳ ಹಿಂದೆ. 2009ರಲ್ಲಿ ಕಂಪನಿಯೇ ಸೋತು ಕೊಂಡಿ ಹಾಕಿಕೊಟ್ಟಿತು. ಮೆಸ್ಸಿನಾ ಪೇಟೆಂಟ್ ಮಾಡಿಸಲಿಲ್ಲ, ಅಪರೂಪದ ಪ್ರಾಣಿ.

ಇನ್ನು ಟ್ರೆಂಡಿಂಗ್ ಪ್ರಕರಣ. ಇಲ್ಲಿ ಎಷ್ಟು ಜನ ಅಂದರು ಎಂಬುದಕ್ಕಿಂತ ಎಷ್ಟು ದಿಢೀರನೆ ಅಂದರು ಎಂಬುದೇ ಪ್ರಧಾನ. ದಿನವೂ ಅಷ್ಟೇ ಮಂದಿ ತಪ್ಪದೆ ಹೇಳುವ ಶುಭೋದಯ ಮೇಲೇರುವುದಿಲ್ಲ. ಈ ಸೂಕ್ಷ್ಮ ಕಂಡವರು ಚಿತ್ರತಾರೆಯರ ಅಭಿಮಾನಿಗಳು. ‘ಸಂಜೆ 6ಕ್ಕೆ ಟ್ಯಾಗ್ ರಿವೀಲ್, ಅಲ್ಲೀವರೆಗೂ ಯಾರೂ ಬಳಸ್ಬೇಡಿ’ ಎಂಬ ಅಪ್ಪಣೆ ಬರುತ್ತದೆ. ಮುಹೂರ್ತಕ್ಕೆ ಇಷ್ಟು ಶ್ರದ್ಧೆಯನ್ನು ಪುರೋಹಿತರೂ ಕಂಡಿರಲಾರರು.

ಪೂರ್ವಪಕ್ಷ: ಟ್ಯಾಗಿನಿಂದ ಆಗುವುದೇನು? ಉತ್ತರ: 2016ರಲ್ಲಿ ಬೆಂಗಳೂರಿನವರು ‘#ಸ್ಟೀಲ್‌ಫ್ಲೈಓವರ್‌ಬೇಡ’ ಎಂದರು, 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಆದರೆ ಆ ನಡುವೆ ಬಿಸಿಲಲ್ಲಿ ಕೈಕೈ ಹಿಡಿದು ನಿಂತ ಮಾನವ ಸರಪಳಿಯೂ ಇತ್ತು, ಹಸಿರು ನ್ಯಾಯಮಂಡಳಿಯ ತಡೆಯಾಜ್ಞೆಯೂ ಇತ್ತು. ಸೋಫಾದ ಮೇಲೆ ಕೂತು ಟ್ಯಾಗ್ ಹಾಕಿದವರು ಇದನ್ನು ಟಿಪ್ಪಣಿಯಲ್ಲಿ ಸೇರಿಸುವುದಿಲ್ಲ.

ಕೊನೆಗೆ ವಧೂವರ ಸಮಾಸ. ಸಹನಾಳ ತಲೆ, ಮಂಜುನಾಥನ ಮುಂಡ ಸೇರಿ ‘#ಸಮಂಜು’. ಸಮಂಜಸವೇ ಎಂದು ಕೇಳುವಂತಿಲ್ಲ, ಛತ್ರದ ಫ್ಲೆಕ್ಸಿನಲ್ಲೇ ಅಚ್ಚಾಗಿರುತ್ತದೆ. ಸಮಾಸ ತಪ್ಪಾಗಿ ಬಿಡಿಸಿಕೊಂಡರೆ ಅಪಾಯ: 2013ರಲ್ಲಿ ಮಾರ್ಗರೆಟ್ ಥ್ಯಾಚರ್ ತೀರಿಕೊಂಡಾಗ ಇಂಗ್ಲಿಷಿನ ಟ್ಯಾಗೊಂದನ್ನು ಬೇರೆಡೆ ಮುರಿದು ಓದಿದವರು ಹಾಡುಗಾರ್ತಿ ಶೇರ್ ಸತ್ತಳೆಂದು ಅತ್ತರು. ಆದ್ದರಿಂದ ಮದುವೆಮನೆಯವರಲ್ಲಿ ಬಿನ್ನಹ: ಟ್ಯಾಗನ್ನು ಅಚ್ಚಿಗೆ ಕೊಡುವ ಮುಂಚೆ ಮನೆಯ ಅಜ್ಜಿಯಿಂದ ಒಮ್ಮೆ ಗಟ್ಟಿಯಾಗಿ ಓದಿಸಿ.