ಟವೆಲು ನೇತುಹಾಕಿ ಭೂಮಿಯನ್ನು ಉಳಿಸಿದ ಬಾಬ್ತು: ಒಂದು ಬಹಿರಂಗ ಪತ್ರ

ಇವರಿಗೆ:
ವ್ಯವಸ್ಥಾಪಕ ಮಂಡಳಿ,
ಪರಿಸರಸ್ನೇಹಿಯೆಂದು ಪ್ರಸಿದ್ಧವಾದ ಒಂದು ಐಷಾರಾಮಿ ಹೋಟೆಲು, ಬೆಂಗಳೂರು.

ವಿಷಯ: ಅತಿಥಿಗಳಿಂದ ಪಡೆಯಲಾಗುತ್ತಿರುವ ವೇತನರಹಿತ ಪರಿಸರ ಸೇವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕುರಿತು.

ಉಲ್ಲೇಖ: ಸ್ನಾನಗೃಹದ ಕನ್ನಡಿಯ ಪಕ್ಕದಲ್ಲಿ ಸೆಣಬಿನ ದಾರದಿಂದ ತೂಗುಹಾಕಿದ ಹಸಿರು ಚೀಟಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಮಂಡಳಿಯ ಅವಗಾಹನೆಗೆ ತರಲಾಗುತ್ತಿರುವುದೇನೆಂದರೆ, ನಗರವಾಸದ ವೈಭವವನ್ನೂ ವನವಾಸದ ಪುಣ್ಯವನ್ನೂ ಒಂದೇ ಬಾಡಿಗೆಯಲ್ಲಿ ಒದಗಿಸುವುದು ಸಾಮಾನ್ಯ ಸಾಧನೆಯಲ್ಲ. ಗೋಡೆಗೆ ನೆಟ್ಟ ತೋಟ, ಬಿದಿರಿನ ಹಲ್ಲುಜ್ಜುವ ಬ್ರಷ್, ಗಾಜಿನ ನೀರಿನ ಬಾಟಲಿ, ಮರುಬಳಕೆಯ ಕಾಗದದ ಮೇಲೆ ಮುದ್ರಿಸಿದ ಊಟದ ಪಟ್ಟಿ, ಇವೆಲ್ಲವೂ ಕಣ್ಣಿಗೆ ಹಿತವಾಗಿವೆಯೆಂಬುದನ್ನು ಅಲ್ಲಿ ಅಲ್ಪಕಾಲ ತಂಗಿದ್ದ ಅತಿಥಿಯು ಯಾವ ಆಕ್ಷೇಪವೂ ಇಲ್ಲದೆ ಒಪ್ಪುತ್ತಾನೆ. ಆದರೆ ಕೊಠಡಿಯಲ್ಲಿರುವ ಪರಿಸರ ಸಂದೇಶಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಅವುಗಳ ಕ್ರಿಯಾಪದಗಳೆಲ್ಲವೂ ಅತಿಥಿಯನ್ನೇ ಕುರಿತ ವಿಧಿರೂಪದಲ್ಲಿರುವುದು ಗಮನಕ್ಕೆ ಬರುತ್ತದೆ: ಟವೆಲನ್ನು ಮತ್ತೆ ಬಳಸಿ, ದೀಪ ಆರಿಸಿ, ಪರದೆ ಎಳೆಯಿರಿ, ಚಾದರ ಬದಲಿಸುವುದು ಬೇಡವೆಂದಾದರೆ ಮರದ ಬಿಲ್ಲೆಯನ್ನು ದಿಂಬಿನ ಮೇಲಿಡಿ. ಹೋಟೆಲು ಮಾಡಿದ್ದೇನು, ಮಾಡಲಿರುವುದೇನು ಎಂಬುದನ್ನು ಹೇಳುವ ಒಂದು ವಾಕ್ಯವೂ ಎಲ್ಲಿಯೂ ಸಿಗದು. ಶ್ರಮ ಅತಿಥಿಯದು, ಒಗೆತದ ಖರ್ಚಿನ ಉಳಿತಾಯ ಮಂಡಳಿಯದು, ಪ್ರಶಸ್ತಿಪತ್ರ ಸ್ವಾಗತಕಕ್ಷೆಯ ಗೋಡೆಯದು ಎಂಬ ಈ ಹಂಚಿಕೆಯನ್ನು ಕಂಡ ಯಾರಿಗಾದರೂ ಯಾರದ್ದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ಗಾದೆ ನೆನಪಾದರೆ ಅದು ಅವರ ತಪ್ಪಲ್ಲ.

ಟವೆಲಿನ ಈ ಚೀಟಿಗೆ ಒಂದು ಇತಿಹಾಸವಿದೆ. ಪರಿಸರಕ್ಕಾಗಿ ಮಾಡಿದ್ದು ಕಡಿಮೆಯಾಗಿದ್ದು ಹೇಳಿಕೊಂಡಿದ್ದು ಹೆಚ್ಚಾಗಿರುವ ವ್ಯಾಪಾರ ಪದ್ಧತಿಗೆ ಇಂದು ಜಗತ್ತಿನಾದ್ಯಂತ ಗ್ರೀನ್‌ವಾಷಿಂಗ್ ಎನ್ನುತ್ತಾರಷ್ಟೆ. ಅಮೆರಿಕದ ಪರಿಸರವಾದಿ ಜೇ ವೆಸ್ಟರ್‌ವೆಲ್ಡ್ 1986ರಲ್ಲಿ ಆ ಹೆಸರನ್ನು ಬಳಕೆಗೆ ತಂದದ್ದು ಹೋಟೆಲುಗಳ ಇಂಥದೇ ಟವೆಲು ಚೀಟಿಯನ್ನು ಟೀಕಿಸಿದ ಪ್ರಬಂಧದಲ್ಲಿ. ಅಂದರೆ ಮಂಡಳಿಯವರು ಕನ್ನಡಿಯ ಪಕ್ಕದಲ್ಲಿ ತೂಗುಹಾಕಿರುವುದು ಆರೋಪಪಟ್ಟಿಯ ಮೊದಲನೆಯ ದಾಖಲೆಯನ್ನೇ. ಆಮೇಲೆ ಬಂದ ಸಂಶೋಧನೆಯನ್ನಾದರೂ ಮಂಡಳಿಯು ಪೂರ್ತಿಯಾಗಿ ಓದಿದೆಯೇ ಎಂದರೆ, ಅರ್ಧ ಮಾತ್ರ ಓದಿದಂತೆ ತೋರುತ್ತದೆ. ನೋವಾ ಗೋಲ್ಡ್‌ಸ್ಟೀನ್, ರಾಬರ್ಟ್ ಸಿಯಾಲ್ಡಿನಿ ಮತ್ತು ವ್ಲಾಡಾಸ್ ಗ್ರಿಸ್ಕೆವಿಸಿಯಸ್ ಎಂಬ ವಿದ್ವಾಂಸರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರಿಸರವನ್ನು ಉಳಿಸಿ ಎಂದಷ್ಟೇ ಹೇಳಿದ ಚೀಟಿಗೆ ಶೇಕಡಾ 35ರಷ್ಟು ಅತಿಥಿಗಳು ಓಗೊಟ್ಟರೆ, ಇಲ್ಲಿ ತಂಗುವ ಬಹುಪಾಲು ಜನ ಟವೆಲನ್ನು ಮತ್ತೆ ಬಳಸುತ್ತಾರೆ ಎಂದು ಹೇಳಿದ ಚೀಟಿಗೆ ಶೇಕಡಾ 44ರಷ್ಟು ಜನ ಓಗೊಟ್ಟರು. ಮನುಷ್ಯನು ಭೂತಾಯಿಗಿಂತ ನೆರೆಯವನಿಗೆ ಹೆಚ್ಚು ಅಂಜುತ್ತಾನೆಂಬ ಈ ಪಾಠವನ್ನು ಮಂಡಳಿಯು ಚೆನ್ನಾಗಿ ಕಲಿತು ಚೀಟಿಯಲ್ಲಿ ಅಚ್ಚು ಹಾಕಿಸಿದೆ. ಅದೇ ವಿದ್ವಾಂಸರು 2011ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವು, ಅತಿಥಿಗಳು ಸಹಕರಿಸಿದರೆ ದೇಣಿಗೆ ಕೊಡುತ್ತೇವೆ ಎನ್ನುವ ಹೋಟೆಲಿಗಿಂತ ಅತಿಥಿಗಳ ಹೆಸರಿನಲ್ಲಿ ಮೊದಲೇ ದೇಣಿಗೆ ಕೊಟ್ಟುಬಿಟ್ಟ ಹೋಟೆಲಿನ ಮಾತಿಗೆ ಹೆಚ್ಚು ಜನ ಬೆಲೆ ಕೊಡುತ್ತಾರೆಂದು ತೋರಿಸಿಕೊಟ್ಟಿತು. ಮೊದಲು ತಾನು ಕೈಬಿಚ್ಚಬೇಕೆಂಬ ಈ ಎರಡನೆಯ ಪಾಠ ಮಂಡಳಿಯ ಗ್ರಂಥಭಂಡಾರವನ್ನು ಇನ್ನೂ ತಲುಪಿಲ್ಲ.

ನೀರಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕಾಗಿದೆ. ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಹರಿದು, ಹಂತಹಂತವಾಗಿ ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ಪಂಪಿನ ಬಲದಿಂದ ಏರಿ ಬರುತ್ತದೆ. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಎತ್ತಲು ಶಾಲೆಯ ಭೌತವಿಜ್ಞಾನದ ಲೆಕ್ಕದಲ್ಲಿಯೇ ಸುಮಾರು 1.36 ಯೂನಿಟ್ ವಿದ್ಯುತ್ತು ಬೇಕು. ಪಂಪು ಮತ್ತು ಕೊಳವೆಗಳಲ್ಲಾಗುವ ನಷ್ಟವನ್ನು ಸೇರಿಸಿದರೆ ಇನ್ನೂ ಹೆಚ್ಚು. 2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿಹೋದಾಗ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನೂ ತೋಟಕ್ಕೆ ಹಾಯಿಸುವುದನ್ನೂ ಕಾರಂಜಿ ಹಾರಿಸುವುದನ್ನೂ ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತ್ತು; ಹೋಟೆಲು ಮುಂತಾದ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್, ಅಂದರೆ ನೀರಿಗೆ ಗಾಳಿಯನ್ನು ಬೆರೆಸಿ ಹರಿವನ್ನು ತಗ್ಗಿಸುವ ಬಿಲ್ಲೆ, ಕಡ್ಡಾಯವೆಂದೂ ಆದೇಶಿಸಿತ್ತು. ಇಂಥ ನಗರದಲ್ಲಿ ಕೈತೊಳೆಯುವ ನಲ್ಲಿಗೆ ಏರೇಟರನ್ನು ಹಾಕಿಸಿ ಅದರ ಕೆಳಗೆ ಹನಿ ಹನಿಗೂಡಿದರೆ ಹಳ್ಳ ಎಂದು ಬರೆಯಿಸಿರುವ ಹೋಟೆಲಿನ ಮಂಡಳಿಯು, ಅಲ್ಲಿಂದ ನಾಲ್ಕು ಹೆಜ್ಜೆ ಆಚೆ, ಗಾಜಿನ ಗೂಡಿನೊಳಗೆ ಊಟದ ತಟ್ಟೆಯಷ್ಟು ಅಗಲವಾದ ಮಳೆ ಷವರನ್ನು ಚಾವಣಿಯಿಂದ ಇಳಿಬಿಟ್ಟಿದೆ. ಮಿತವ್ಯಯದ ಷವರು ನಿಮಿಷಕ್ಕೆ ಎಂಟೊಂಬತ್ತು ಲೀಟರ್ ಸುರಿಸಿದರೆ ಈ ಬಗೆಯ ಷವರು ಅದರ ಇಮ್ಮಡಿಯನ್ನೂ ಸುರಿಸಬಲ್ಲದಾದುದರಿಂದ, ಹನಿಗೂಡಿ ಆದ ಹಳ್ಳವೆಲ್ಲ ಹತ್ತು ನಿಮಿಷದ ಸ್ನಾನದಲ್ಲಿ ಬರಿದಾಗುತ್ತದೆ.

ಈ ನಾಡಿನಲ್ಲಿ ನೀರು ಉಳಿಸಲು ಬಹುಕಾಲದಿಂದ ಬಳಕೆಯಲ್ಲಿರುವ, ಪೇಟೆಂಟ್ ಇಲ್ಲದ ಒಂದು ಸಾಧನವಿದೆ. ಅದು ಒಂದು ಬಕೆಟ್ಟು ಮತ್ತು ಒಂದು ಮಗ್ಗು. ಹದಿನೈದು ಇಪ್ಪತ್ತು ಲೀಟರಿನಲ್ಲಿ ಸಂಪೂರ್ಣ ಅಭ್ಯಂಜನವನ್ನೇ ಮುಗಿಸಬಲ್ಲ ಈ ಸಾಧನವು ಹೋಟೆಲಿನ ಪರಿಸರಸ್ನೇಹಿ ಸಲಕರಣೆಗಳ ಪಟ್ಟಿಯಲ್ಲಿಲ್ಲ. ಅತಿಥಿಯು ದೂರವಾಣಿಯ ಮೂಲಕ ಅದನ್ನು ಬೇಡಿದಾಗ ಆ ಕಡೆಯಲ್ಲಿ ಕ್ಷಣಕಾಲ ಮೌನವುಂಟಾಗಿ, ಐಸ್ ಬಕೆಟ್ಟೇ ಎಂದು ಮರುಪ್ರಶ್ನೆ ಬಂದಿತು. ಅಲ್ಲವೆಂದು ಮನವರಿಕೆಯಾದ ಎಷ್ಟೋ ಹೊತ್ತಿನ ಮೇಲೆ ಹೌಸ್‌ಕೀಪಿಂಗ್ ವಿಭಾಗದ ಯುವಕನೊಬ್ಬ, ಹಿಡಿ ಮುರಿದು ದಾರ ಕಟ್ಟಿದ್ದ ನೀಲಿ ಬಕೆಟ್ಟಿನ ಮೇಲೆ ಬಿಳಿಯ ಟವೆಲನ್ನು ಹೊದಿಸಿಕೊಂಡು, ಓಣಿಯಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು ಒಳಗೆ ಬಂದು, ‘ಇದು ನಮ್ಮ ಸ್ಟಾಫಿನ ಬಕೆಟ್ ಸಾರ್, ಬೆಳಗ್ಗೆ ಸೂಪರ್‌ವೈಸರ್ ಬರೋ ಮುಂಚೆ ವಾಪಸ್ ಕೊಟ್ಬಿಡಿ’ ಎಂದನು. ಬಕೆಟ್ಟನ್ನು ಮುಚ್ಚಲು ಬಳಸಿದ ಆ ಟವೆಲು ಒಗೆತಕ್ಕೆ ಹೋಯಿತೇ ಅಥವಾ ಭೂಮಿಯನ್ನು ಉಳಿಸಿತೇ ಎಂಬುದು ತಿಳಿದುಬಂದಿಲ್ಲ. ಇಡೀ ಕಟ್ಟಡದಲ್ಲಿ ನಿಜಕ್ಕೂ ನೀರು ಉಳಿಸುವ ವಸ್ತುವೊಂದು ಇದ್ದರೆ ಅದು ಕೆಲಸಗಾರರ ಕೋಣೆಯಲ್ಲಿದೆ, ಮತ್ತು ಅದನ್ನು ಅಲ್ಲಿಂದ ಹೊರಗೆ ತರುವುದು ಶಿಸ್ತುಭಂಗವಾಗಿದೆ ಎಂಬುದಷ್ಟೇ ಇಲ್ಲಿ ದಾಖಲಾರ್ಹ ಸಂಗತಿ.

ಹವಾನಿಯಂತ್ರಣದ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ಕೊಡುವ ಲೆಕ್ಕದಂತೆ ಏಸಿಯ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ತು ಉಳಿಯುತ್ತದೆ. 2020ರ ಜನವರಿಯಿಂದ ಸ್ಟಾರ್ ಪಟ್ಟಿಯ ಕೊಠಡಿ ಏಸಿಗಳು 24 ಡಿಗ್ರಿಯ ಮೂಲ ಹೊಂದಿಕೆಯೊಂದಿಗೇ ಮಾರಾಟವಾಗಬೇಕೆಂಬ ನಿಯಮವೂ ಜಾರಿಯಲ್ಲಿದೆ. ಹಾಗಿದ್ದೂ ಬೆಂಗಳೂರಿನ ಡಿಸೆಂಬರಿನಲ್ಲಿ ಕಿಟಕಿ ತೆರೆಯಲಾಗದಂತೆ ಗಾಜನ್ನು ಬಿಗಿದು, ಕೊಠಡಿಯನ್ನು 18 ಡಿಗ್ರಿಗೆ ತಣಿಸಿ, ಆ ಚಳಿಗೆ ಹೊದೆಯಲು ಸಾವಯವ ಹತ್ತಿಯ ದಪ್ಪ ರಜಾಯಿಯನ್ನು ಒದಗಿಸಿರುವುದನ್ನು ನೋಡಿದರೆ, ಮೊದಲು ರೋಗವನ್ನೂ ಬಳಿಕ ಔಷಧವನ್ನೂ ಒಂದೇ ಅಂಗಡಿಯಲ್ಲಿ ಮಾರುವ ಜಾಣ್ಮೆ ಎದ್ದು ಕಾಣುತ್ತದೆ. ಬೆಳಗಿನ ಉಪಾಹಾರದ ಮೇಜೂ ಇದೇ ತರ್ಕದ ಮುಂದುವರಿಕೆ. ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆಯೂ, ರಾಗಿ ಬೆಳೆಯುವ ಸೀಮೆಯ ನಡುವಿನ ಈ ಮೇಜಿನಲ್ಲಿ ಸಮುದ್ರ ದಾಟಿ ಬಂದ ಕಿನೋವಾದ ಉಪ್ಪಿಟ್ಟಿನ ಮುಂದೆ ಭೂಮಿಗೆ ಹಿತವಾದುದು ಎಂಬ ಫಲಕವಿತ್ತು, ಇಡ್ಲಿಯ ಮುಂದೆ ಯಾವ ಫಲಕವೂ ಇರಲಿಲ್ಲ.

ಕೊನೆಯದಾಗಿ ಬಿಲ್ಲಿನ ವಿಚಾರ. ಆನ್‌ಲೈನಿನಲ್ಲಿ ಕೊಠಡಿ ಕಾಯ್ದಿರಿಸುವಾಗಲೇ ಗಿಡ ನೆಡುವ ನಿಧಿಯೆಂದು ಒಂದು ಮೊತ್ತವು ಅತಿಥಿಯನ್ನು ಕೇಳದೆಯೇ ಬಾಡಿಗೆಯ ಜೊತೆಗೆ ಸೇರಿಕೊಂಡಿರುತ್ತದೆ. ಗ್ರಾಹಕನ ಒಪ್ಪಿಗೆಯಿಲ್ಲದೆ ದೇಣಿಗೆಯಂಥ ಬಾಬ್ತನ್ನು ಬಿಲ್ಲಿಗೆ ನುಸುಳಿಸುವುದಕ್ಕೆ ಬಾಸ್ಕೆಟ್ ಸ್ನೀಕಿಂಗ್ ಎಂಬ ಹೆಸರಿದ್ದು, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯು ನಿಷೇಧಿಸಿದ 13 ಕುಟಿಲ ವಿನ್ಯಾಸಗಳಲ್ಲಿ ಅದೂ ಒಂದು. ಅದೇ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿ ಗ್ರೀನ್‌ವಾಷಿಂಗನ್ನು ತಡೆಯಲು ಹೊರಡಿಸಿದ ಮಾರ್ಗಸೂಚಿಯಂತೆ ಹಸಿರು, ಪರಿಸರಸ್ನೇಹಿ ಮುಂತಾದ ಸಾಮಾನ್ಯ ಪದಗಳನ್ನು ಬಳಸುವವರು ಅದಕ್ಕೆ ತಕ್ಕ ಪುರಾವೆಯನ್ನು ಗ್ರಾಹಕರಿಗೆ ಸಿಗುವಂತೆ ಇಡಬೇಕಾಗುತ್ತದೆ. ಗಿಡವನ್ನು ಎಲ್ಲಿ ನೆಡಲಾಯಿತೆಂದು ಅತಿಥಿಯು ವಿಚಾರಿಸಿದಾಗ ಸ್ವಾಗತಕಕ್ಷೆಯವರು ಕೊಟ್ಟ ಪುರಾವೆಯು ಒಂದು ಮಂದಹಾಸ ಮಾತ್ರವಾಗಿತ್ತು.

ಈ ಎಲ್ಲ ಕಾರಣಗಳಿಂದ, ಅತಿಥಿಗಳ ಪರವಾಗಿ ಮಂಡಳಿಯಲ್ಲಿ ಮಾಡಿಕೊಳ್ಳಲಾಗುವ ವಿನಂತಿಗಳು ಇಂತಿವೆ. ಅತಿಥಿಗೆ ಆದೇಶಿಸುವ ಪ್ರತಿಯೊಂದು ಚೀಟಿಯ ಪಕ್ಕದಲ್ಲಿ, ಅದೇ ಅಳತೆಯ ಕಾಗದದ ಮೇಲೆ, ಹೋಟೆಲು ಹಿಂದಿನ ತಿಂಗಳಲ್ಲಿ ಎಷ್ಟು ಟ್ಯಾಂಕರ್ ನೀರು ತರಿಸಿತು, ಎಷ್ಟು ಕೊಳಚೆ ನೀರನ್ನು ಶುದ್ಧೀಕರಿಸಿ ಮತ್ತೆ ಬಳಸಿತು, ಜನರೇಟರಿಗೆ ಎಷ್ಟು ಡೀಸೆಲ್ ಸುರಿಯಿತು, ಹಸಿಕಸವನ್ನು ಎಲ್ಲಿಗೆ ಕಳುಹಿಸಿತು ಎಂಬುದನ್ನು ಅಂಕಿಗಳಲ್ಲಿ ಬರೆದು ವ್ಯವಸ್ಥಾಪಕರು ಸಹಿ ಹಾಕಬೇಕು. ಸ್ಟಾಫಿನ ಬಕೆಟ್ಟಿಗೆ ಬಡ್ತಿ ಕೊಟ್ಟು ಎಲ್ಲ ಕೊಠಡಿಗಳಿಗೂ ನಿಯೋಜಿಸಬೇಕು. ಇವು ಸಾಧ್ಯವಿಲ್ಲವೆಂದಾದರೆ ಟವೆಲು ಮಡಿಸಿ, ದೀಪ ಆರಿಸಿ, ಪರದೆ ಎಳೆದು ದುಡಿದ ಅತಿಥಿಗಳ ಹೆಸರನ್ನು ಹಾಜರಿ ಪುಸ್ತಕದಲ್ಲಿ ನಮೂದಿಸಿ, ಕನಿಷ್ಠ ವೇತನವನ್ನು ಬಾಡಿಗೆಯಲ್ಲಿ ಕಳೆಯಬೇಕು. ಅತಿಥಿಗಳು ಟವೆಲನ್ನು ಮುಂದೆಯೂ ಮರುಬಳಸುತ್ತಾರೆ, ಏಕೆಂದರೆ ಅವರ ಮನೆಗಳಲ್ಲಿ ಅದನ್ನು ಹಾಗೆಯೇ ಬಳಸುತ್ತಾರೆ ಮತ್ತು ಅದಕ್ಕೆ ಯಾರೂ ಪ್ರಶಸ್ತಿ ಕೊಡುವುದಿಲ್ಲ. ಆ ಪುಣ್ಯವನ್ನು ಮಂಡಳಿಯು ತನ್ನ ಖಾತೆಗೆ ಜಮಾ ಮಾಡಿಕೊಳ್ಳಬಾರದೆಂಬುದಷ್ಟೇ ಈ ಪತ್ರದ ತಕರಾರು.

ಇಂತಿ ತಮ್ಮ ವಿಶ್ವಾಸಿ,
ಕೊಠಡಿಯ ಮಾಜಿ ಅತಿಥಿ ಹಾಗೂ ಗೌರವ ಪರಿಸರ ಸಹಾಯಕ

ಪ್ರತಿ:
1. ಲೆಕ್ಕಪತ್ರ ವಿಭಾಗಕ್ಕೆ, ಗಿಡದ ವಿಳಾಸ ಒದಗಿಸುವ ಕೋರಿಕೆಯೊಂದಿಗೆ.
2. ಹೌಸ್‌ಕೀಪಿಂಗ್ ವಿಭಾಗಕ್ಕೆ, ಬಕೆಟ್ಟು ಸುಸ್ಥಿತಿಯಲ್ಲಿ ಹಿಂದಿರುಗಿಸಲ್ಪಟ್ಟಿದೆ ಎಂಬ ದೃಢೀಕರಣದೊಂದಿಗೆ.