ಆಪ್ಷನಲ್ ಇಂಗ್ಲಿಷ್: ಬಳಸುವ ಮುನ್ನ ಓದಿ

ಬಿ.ಎ.ನಲ್ಲಿ ಆಪ್ಷನಲ್ ಇಂಗ್ಲಿಷ್ ತೆಗೆದುಕೊಂಡಿದ್ದಕ್ಕೆ ಅಭಿನಂದನೆಗಳು. ಈ ಕೈಪಿಡಿ ಬೆಂಗಳೂರು ದಂಡಿನ ಯಾವ ಕಾಲೇಜಿನ ಮಾಡೆಲ್‌ಗಾದರೂ ಹೊಂದುತ್ತದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ, ಬಂಗಾರಪೇಟೆ, ಟೇಕಲ್, ಮಾಲೂರಿನಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಬರುವವರಿಗೆಂದೇ ಬರೆದದ್ದು. ಕಾನ್ವೆಂಟಿನವರಿಗೆ ಇದರ ಅಗತ್ಯ ಬೀಳದು. ಅವರು ಬಿ.ಕಾಂ. ಸೇರಿರುತ್ತಾರೆ.

ಡಬ್ಬಿ ಬಿಚ್ಚಿದರೆ ಸಿಗುವುದು: ಶೇಕ್ಸ್‌ಪಿಯರನ ಒಂದು ನಾಟಕ, ನಾಲ್ಕಾರು ಸಾನೆಟ್, ಒಂದು ಕಾದಂಬರಿ, ಇಂಡಿಯನ್ ರೈಟಿಂಗ್ ಅನ್ನುವ ಒಂದು ಯೂನಿಟ್ಟು, ಮೂರು ತಲೆಮಾರಿನ ಸೀನಿಯರ್‌ಗಳು ಗೆರೆ ಎಳೆದ ಜೆರಾಕ್ಸ್ ನೋಟ್ಸು. ಮೂಲ ಪುಸ್ತಕ ಡಬ್ಬಿಯೊಳಗೆ ಬರುವುದಿಲ್ಲ, ಬೇರೆ ಕೊಳ್ಳಬೇಕು. ಕೊಳ್ಳದೆಯೇ ಡಿಗ್ರಿ ಮುಗಿಸಿದವರು ಬೇಕಾದಷ್ಟು ಜನ ಇದ್ದಾರೆ, ಯಂತ್ರಕ್ಕೇನೂ ಕೆಟ್ಟದ್ದಾಗಿಲ್ಲ. ಹೊಸ ಮಾಡೆಲ್‌ಗಳಲ್ಲಿ ಕ್ರಿಯೇಟಿವ್ ರೈಟಿಂಗ್ ಎಂಬ ಬಿಡಿಭಾಗವೂ ಇರುತ್ತದೆ. ಅದರ ವಿಷಯ ಆಮೇಲೆ.

ಎಚ್ಚರಿಕೆ. ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದೇನೆಂದು ಮನೆಯಲ್ಲಿ ಹೇಳಿದರೆ ‘ಸಾಹಿತ್ಯ’ ಅನ್ನುವ ಪದ ಯಾರ ಕಿವಿಗೂ ಬೀಳುವುದಿಲ್ಲ. ಬ್ಯಾಂಕಿನ ಕಾಗದ, ಆಸ್ಪತ್ರೆಯ ರಿಪೋರ್ಟು, ಕಸ್ಟಮರ್ ಕೇರ್ ಎಲ್ಲವೂ ಅಂದಿನಿಂದ ನಿಮ್ಮ ಇಲಾಖೆ. ಮೂರು ವರ್ಷದಲ್ಲಿ ನಾನು ಬಿಡಿಸಿದ ಅತಿ ಕಠಿಣ ಇಂಗ್ಲಿಷ್ ಗದ್ಯ ಮಾವನ ಟ್ರ್ಯಾಕ್ಟರಿನ ಇನ್ಶೂರೆನ್ಸ್ ಪಾಲಿಸಿ. ಹೆನ್ರಿ ಜೇಮ್ಸ್ ಆಮೇಲೆ ಸಲೀಸಾದ.

ಮೊದಲ ದಿನ ಎದ್ದು ನಿಂತು ಪರಿಚಯ ಹೇಳಿಕೊಳ್ಳಿ ಅನ್ನುತ್ತಾರೆ. ಗಂಟಲು ಕಟ್ಟಿದರೆ ಗಾಬರಿ ಬೇಡ, ಅದು ತಯಾರಿಕಾ ದೋಷವಲ್ಲ. ಕ್ಲಾಸ್ ಬಿಟ್ಟ ಮೇಲೆ ಶಿವಾಜಿನಗರ ಬಸ್ ಸ್ಟ್ಯಾಂಡಿನ ಪಕ್ಕ ಹತ್ತು ನಿಮಿಷ ನಿಂತುಕೊಳ್ಳಿ. ಹಣ್ಣಿನವನು ತಮಿಳಿನಲ್ಲಿ ಕೂಗುತ್ತಾನೆ, ದಖನಿಯಲ್ಲಿ ಚೌಕಾಸಿ ಮಾಡುತ್ತಾನೆ, ಕನ್ನಡದಲ್ಲಿ ಚಿಲ್ಲರೆ ಕೇಳುತ್ತಾನೆ, ಕೊನೆಗೆ ‘ಫಿಕ್ಸೆಡ್ ರೇಟ್’ ಅಂತ ಇಂಗ್ಲಿಷಿನಲ್ಲಿ ಬಾಗಿಲು ಹಾಕುತ್ತಾನೆ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಇಳಿಸಿದಾಗಿನಿಂದ ಈ ಊರು ನಡೆದದ್ದು ಹೀಗೆಯೇ. ಅವನಿಗೆ ಇಂಟರ್ನಲ್ಸ್ ಇಲ್ಲ, ಅದೊಂದೇ ವ್ಯತ್ಯಾಸ.

ಓಡಾಟದ ಕ್ರಮ ಈಗ ಸುಲಭವಾಗಿದೆ. 2023ರಿಂದ ಕೆ.ಆರ್. ಪುರದಲ್ಲಿ ರೈಲು ಇಳಿದು ಮೆಟ್ರೊ ಹತ್ತಬಹುದು. ಇಂದಿರಾನಗರ, ಹಲಸೂರು ದಾಟಿ ಟ್ರಿನಿಟಿ ಬಂದಾಗ ಕಿಟಕಿಯಾಚೆ ಒಮ್ಮೆ ನೋಡಿ. 1896ರಲ್ಲಿ ಈ ದಂಡಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಎಂಬ ಸಬಾಲ್ಟರ್ನ್ ಯೂನಿವರ್ಸಿಟಿ ಮೆಟ್ಟಿಲು ಹತ್ತಿದವನಲ್ಲ. ಅಮ್ಮ ಹಡಗಿನಲ್ಲಿ ಕಳಿಸಿದ ಗಿಬ್ಬನ್, ಮೆಕಾಲೆಯನ್ನು ಮಧ್ಯಾಹ್ನದ ಬಿಸಿಲಲ್ಲಿ ಓದಿ, ಸಂಜೆ ಪೋಲೊ ಆಡುತ್ತಿದ್ದ. ಬೆಂಗಳೂರು ಕ್ಲಬ್ಬಿನ ಲೆಡ್ಜರಿನಲ್ಲಿ ಅವನ ಹೆಸರಿಗೆ 13 ರೂಪಾಯಿ ಬಾಕಿ ಹಾಗೇ ಉಳಿದಿದೆ. 1953ರಲ್ಲಿ ಸಾಹಿತ್ಯದ ನೊಬೆಲ್ ಬಂದರೂ ತೀರಿಸಲಿಲ್ಲ. ಅಟೆಂಡೆನ್ಸ್ ಶಾರ್ಟೇಜ್ ಆದಾಗ ಈ ಉದಾಹರಣೆಯನ್ನು ಎಚ್‌ಒಡಿ ಮುಂದೆ ಹೇಳಬೇಡಿ. ನಾನು ಹೇಳಿ ನೋಡಿದ್ದೇನೆ.

ಎಂ.ಜಿ. ರೋಡಿನಲ್ಲಿ ಇಳಿದರೆ ಚರ್ಚ್ ಸ್ಟ್ರೀಟ್. ಬ್ಲಾಸಮ್, ಬುಕ್‌ವರ್ಮ್, ಬ್ರಿಗೇಡ್ ರೋಡಿನ ಸಂದಿಯೊಳಗಿನ ಸೆಲೆಕ್ಟ್: ಹಳೆಯ ಪುಸ್ತಕಕ್ಕೆ ಇಷ್ಟು ಸಾಕು. ನನ್ನ ಕಾಲಕ್ಕೆ ಶಾನಭಾಗರ ಪ್ರೀಮಿಯರ್ ಕೂಡ ಇತ್ತು. 2009ರಲ್ಲಿ ಮುಚ್ಚಿತು. ಅಲ್ಲಿ ಪುಸ್ತಕಗಳು ಗೋಡೆಯಂತೆ ಸೂರಿಗೆ ಮುಟ್ಟಿದ್ದವು. ಕೆಳಗಿನದನ್ನು ಎಳೆಯಲು ಧೈರ್ಯ ಬೇಕಿತ್ತು, ಕೊಳ್ಳಲು ದುಡ್ಡು. ನನ್ನಲ್ಲಿ ಎರಡೂ ಇಲ್ಲದ ದಿನ ನಿಂತೇ ಓದುತ್ತಿದ್ದೆ.

ಎರಡನೇ ವರ್ಷದ ಹೊತ್ತಿಗೆ ಯಂತ್ರದಿಂದ ಒಂದು ಶಬ್ದ ಬರತೊಡಗುತ್ತದೆ: ‘ಇಂಗ್ಲಿಷ್ ಓದಿ ಕನ್ನಡಕ್ಕೆ ದ್ರೋಹ ಮಾಡುತ್ತಿದ್ದೇನೆಯೇ?’ ಮೆಕ್ಯಾನಿಕ್ ಬೇಕಿಲ್ಲ. ನಮ್ಮ ಮಾಲೂರು ತಾಲ್ಲೂಕಿನವರೇ ಆದ ಮಾಸ್ತಿ 1914ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರು. ‘ಇಂಗ್ಲಿಷ್ ಗೀತಗಳು’ ತಂದು ಕನ್ನಡ ಕವಿತೆಯ ದಾರಿ ತಿರುಗಿಸಿದ ಬಿ.ಎಂ.ಶ್ರೀ. ಇಂಗ್ಲಿಷ್ ಮೇಷ್ಟ್ರು. ಲಂಕೇಶ್ ಪತ್ರಿಕೆ ಶುರು ಮಾಡುವ ಮುಂಚೆ ಇಂಗ್ಲಿಷ್ ಮೇಷ್ಟ್ರು. ಶಾಲೆಯಲ್ಲಿ ಕನ್ನಡ ಮೊದಲು ಅಂದ ಸಮಿತಿಯ ಗೋಕಾಕರೋ, ಆಕ್ಸ್‌ಫರ್ಡಿನಲ್ಲಿ ಓದಿ ಬಂದ ಇಂಗ್ಲಿಷ್ ಮೇಷ್ಟ್ರು. ಇಷ್ಟು ಜನ ದ್ರೋಹಿಗಳಿಲ್ಲದಿದ್ದರೆ ನಮ್ಮ ಕನ್ನಡ ಪಠ್ಯಪುಸ್ತಕ ಅರ್ಧಕ್ಕರ್ಧ ತೆಳ್ಳಗಾಗುತ್ತಿತ್ತು.

ಈಗ ಬಿಡಿಭಾಗ. ಕ್ರಿಯೇಟಿವ್ ರೈಟಿಂಗ್ ಕ್ಲಾಸಿನಲ್ಲಿ ಮಳೆಯ ಮೇಲೆ ಹದಿನಾಲ್ಕು ಸಾಲು ಬರೆಸಿ ಹತ್ತಕ್ಕೆ ಆರು ಅಂಕ ಕೊಡುತ್ತಾರೆ. ನನಗೆ ಇದರಲ್ಲಿ ದೊಡ್ಡ ನಂಬಿಕೆಯಿಲ್ಲ. ಆದರೆ ಒಂದು ಕ್ಲಾಸು ಮಾತ್ರ ನಡೆಯಬೇಕಾದಂತೆ ನಡೆದಿದೆ. ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಅನಂತಮೂರ್ತಿ, ಗುರು ಮಾಲ್ಕಂ ಬ್ರಾಡ್‌ಬರಿ ಜೊತೆ ಬರ್ಗ್‌ಮನ್‌ನ ‘ಸೆವೆಂತ್ ಸೀಲ್’ ಎಂಬ ಮಧ್ಯಯುಗದ ಕಥೆಯ ಸಿನಿಮಾ ನೋಡಿದರು. ಸಬ್‌ಟೈಟಲ್ ಇರಲಿಲ್ಲ. ನಿಮಗೆ ಮಧ್ಯಯುಗ ಪುಸ್ತಕದಲ್ಲಿದೆ, ನಮಗೆ ಅದು ಇನ್ನೂ ಬದುಕಿನಲ್ಲೇ ಇದೆ ಎಂಬ ಅರ್ಥದ ಮಾತನ್ನು ಶಿಷ್ಯ ಆಡಿದರು. ಹಾಗಾದರೆ ಅದನ್ನೇ ಬರಿ ಅಂದರು ಗುರು. ಕನ್ನಡದಲ್ಲಿ ‘ಸಂಸ್ಕಾರ’ ಬಂತು, 1965ರಲ್ಲಿ ಅಚ್ಚಾಯಿತು. ಅದೇ ಬ್ರಾಡ್‌ಬರಿ 1970ರಲ್ಲಿ ಆಂಗಸ್ ವಿಲ್ಸನ್ ಜೊತೆ ಸೇರಿ ಈಸ್ಟ್ ಆಂಗ್ಲಿಯಾದಲ್ಲಿ ಬ್ರಿಟನ್ನಿನ ಹೆಸರಾಂತ ಕ್ರಿಯೇಟಿವ್ ರೈಟಿಂಗ್ ಎಂ.ಎ. ಶುರು ಮಾಡಿದರು. ಮೊದಲ ವಿದ್ಯಾರ್ಥಿ ಇಯಾನ್ ಮೆಕ್‌ಇವನ್ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅವರು ಎರಡನೆಯವರು.

ಕೊನೆಯದಾಗಿ, ಪರೀಕ್ಷೆ. ಒಂದು ಬೆಳಿಗ್ಗೆ ರೈಲಿನಲ್ಲಿ ಹ್ಯಾಮ್ಲೆಟ್ ಓದುತ್ತಿದ್ದೆ. ಪಕ್ಕದಲ್ಲಿ ಕೆಜಿಎಫ್‌ನವರೊಬ್ಬರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಬೆಂಗಳೂರಿಗೆ ಸೆಕ್ಯುರಿಟಿ ಕೆಲಸಕ್ಕೆ ಬರುತ್ತಿದ್ದವರು. ನೀಲಿ ಯೂನಿಫಾರ್ಮು ಮಡಿಸಿ ಕವರಿನಲ್ಲಿಟ್ಟು ಮಡಿಲಲ್ಲಿ ಹಿಡಿದಿದ್ದರು. “ಏನು ತಂಬಿ ಕಥೆ?” ಅಂದರು. ಹೇಳಿದೆ. ಸತ್ತ ರಾಜ ದೆವ್ವವಾಗಿ ಬಂದು, ನನ್ನ ತಮ್ಮನೇ ವಿಷ ಹಾಕಿದ ಅನ್ನುತ್ತಾನೆ. ಮಗ ಕೂಡಲೇ ನಂಬುವುದಿಲ್ಲ, ನಾಟಕ ಆಡಿಸಿ ಪರೀಕ್ಷೆ ಮಾಡುತ್ತಾನೆ. ಅವರು ವೈಟ್‌ಫೀಲ್ಡ್ ದಾಟುವವರೆಗೆ ಸುಮ್ಮನಿದ್ದು, “ಅಪ್ಪನೇ ಎದ್ದು ಬಂದು ಹೇಳಿದ ಮೇಲೂ ಪ್ರೂಫ್ ಹುಡುಕಿದನಾ? ಕಾಲೇಜು ಓದಿದ ಹುಡುಗ ಇರಬೇಕು,” ಅಂದರು.

ಹ್ಯಾಮ್ಲೆಟ್ ಏಕೆ ತಡಮಾಡಿದ ಎಂಬ ಪ್ರಶ್ನೆಗೆ ಇಂಟರ್ನಲ್ಸ್‌ನಲ್ಲಿ ಅದನ್ನೇ ಬರೆದೆ. ಅವನು ವಿಟೆನ್‌ಬರ್ಗಿನ ವಿದ್ಯಾರ್ಥಿ ಅನ್ನುವುದನ್ನೂ ಸೇರಿಸಿದೆ. ಅಂಚಿನಲ್ಲಿ ಕೆಂಪು ಶಾಯಿಯ ಪ್ರಶ್ನೆ ಬಂತು: ‘ಯಾವ ವಿಮರ್ಶಕರು? ಹೆಸರು ಕೊಡಿ.’ ಎರಡು ಅಂಕ ಕಳೆದಿದ್ದರು.

ಆ ಕೆಜಿಎಫ್‌ನವರು ಅಂದು ಕೆ.ಆರ್. ಪುರದಲ್ಲಿ ಇಳಿದು ಹೋಗಿದ್ದರು. ಹೆಸರು ನಾನು ಕೇಳಿರಲಿಲ್ಲ. ನೀವು ಕೇಳಿಟ್ಟುಕೊಳ್ಳಿ.