ಎಣ್ಣೆ ನಗರಿಯ ನೊರೆ ಪಂಡಿತ

ಚಳ್ಳಕೆರೆಯಲ್ಲಿ ‘ಎಣ್ಣೆ’ ಎಂಬ ಪದಕ್ಕೆ ಬೆಳಿಗ್ಗೆ ಒಂದು ಅರ್ಥ, ಸಂಜೆ ಒಂದು ಅರ್ಥ. ಬೆಳಿಗ್ಗೆ ಹತ್ತು ಗಂಟೆಗೆ ಯಾರಾದರೂ ‘ಎಣ್ಣೆ ರೇಟು ಏರಿತಂತೆ’ ಎಂದರೆ ಅದು ಶೇಂಗಾ ಎಣ್ಣೆ. ರಾತ್ರಿ ಎಂಟಕ್ಕೆ ಅದೇ ಮನುಷ್ಯ ಅದೇ ಮಾತು ಆಡಿದರೆ ಅದು ಅಬಕಾರಿ ಸುಂಕದ ವಿಚಾರ. ಹೊರಗಿನವರಿಗೆ ಗೊಂದಲ, ನಮಗೆ ಗಡಿಯಾರ ನೋಡಿದರೆ ಸಾಕು. ಒಂದು ಕಾಲಕ್ಕೆ ಊರ ತುಂಬ ಎಣ್ಣೆ ಮಿಲ್ಲುಗಳಿದ್ದವು. ಆ ವ್ಯಾಪಾರ ಕಂಡವರು ಊರಿಗೆ ‘ಎರಡನೇ ಮುಂಬಯಿ’ ಎಂದು ಹೆಸರಿಟ್ಟರು. ಆಮೇಲೆ ಮಳೆ ಕೈಕೊಟ್ಟಿತು, ಹೊರದೇಶದ ತಾಳೆ ಎಣ್ಣೆ ಬಂತು, ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಬೆಳಗಿನ ಎಣ್ಣೆ ಇಳಿಯಿತು. ಸಂಜೆಯ ಎಣ್ಣೆ ಇಳಿದದ್ದನ್ನು ಕಂಡವರಿಲ್ಲ.

ಇಂಥ ಊರಲ್ಲಿ ಹುಟ್ಟಿಯೂ ನನ್ನ ಗೆಳೆಯ ಎರಡೂ ಎಣ್ಣೆಗೆ ಸಲ್ಲದೆ ನೊರೆಗೆ ಸಂದ. ಅಪ್ಪ ಅಮ್ಮ ಇಟ್ಟ ಹೆಸರು ಇಲ್ಲಿ ಬೇಡ. ಊರು ಇಟ್ಟದ್ದು ‘ನೊರೆ ಪಂಡಿತ’. ನಿಮ್ಮೂರಲ್ಲೂ ಒಬ್ಬ ಇರುತ್ತಾನೆ, ಹುಡುಕಿ ನೋಡಿ. ಬೆಂಗಳೂರಿನಲ್ಲಿ ಹದಿನೈದು ವರ್ಷ ಕಂಪ್ಯೂಟರ್ ಕುಟ್ಟಿ, ‘ಇನ್ನು ಮನೆಯಿಂದಲೇ ಕೆಲಸ’ ಎಂದು ಲ್ಯಾಪ್‌ಟಾಪ್ ಸಮೇತ ಊರಿಗೆ ಮರಳಿದವನು. ಗುರುತು ಹಿಡಿಯುವುದು ಸುಲಭ. ಅವನು ಎಂದೂ ‘ಕುಡಿದೆ’ ಎನ್ನುವುದಿಲ್ಲ, ‘ಟೇಸ್ಟ್ ಮಾಡಿದೆ’ ಎನ್ನುತ್ತಾನೆ. ಮರುದಿನ ನಮಗೆ ಬರುವುದು ತಲೆನೋವು. ಅವನಿಗೆ ಬರುವುದು ‘ಆಫ್ಟರ್ ಟೇಸ್ಟ್’.

ಹುಟ್ಟಿನಿಂದಲೇ ಹೀಗಿದ್ದವನಲ್ಲ. ನಮ್ಮ ಜೊತೆಗೇ 650 ಎಂಎಲ್ ಬಾಟಲಿಯ ಮುಚ್ಚಳವನ್ನು ಹಲ್ಲಲ್ಲಿ ಕಿತ್ತವನು. ಕೆಟ್ಟದ್ದು ಬೆಂಗಳೂರಿನಲ್ಲಿ. 2010ರಲ್ಲಿ ಇಂದಿರಾನಗರದ ನೂರಡಿ ರಸ್ತೆಯಲ್ಲಿ ಟಾಯ್ಟ್ ತೆರೆಯಿತು, ಮರುವರ್ಷ ವಿಠಲ್ ಮಲ್ಯ ರಸ್ತೆಯಲ್ಲಿ ಬಿಯರ್ ಕ್ಲಬ್, 2012ರಲ್ಲಿ ಆರ್ಬರ್. ಕುಡಿಯುವ ಜಾಗದಲ್ಲೇ ಕಾಯಿಸಿ, ಹುಳಿಸಿ, ಸೋಸಿ ಕೊಡುವ ಮೈಕ್ರೋಬ್ರೂವರಿಗಳು ಬಂದವು. ಯಾವುದೋ ಶನಿವಾರ ಇವನನ್ನು ಸಹೋದ್ಯೋಗಿಗಳು ಅಂಥಲ್ಲಿಗೆ ಎಳೆದುಕೊಂಡು ಹೋದರು. ಮರದ ಹಲಗೆಯ ಮೇಲೆ ಆರು ಪುಟ್ಟ ಲೋಟ ಬಂದವು, ಮಕ್ಕಳಿಗೆ ಕೆಮ್ಮಿನ ಔಷಧಿ ಹಾಕುವಷ್ಟು ಪುಟ್ಟವು. ಒಂದು ಹೊಂಬಣ್ಣ, ಒಂದು ಕಪ್ಪು, ಒಂದು ಮಜ್ಜಿಗೆ ಕದಡಿದ ಹಾಗೆ. ಮೂರನೆಯದನ್ನು ಮೂಸಿದವನೇ ಕಣ್ಣು ಮುಚ್ಚಿ, ‘ಬಾಳೆಹಣ್ಣು... ಲವಂಗ...’ ಎಂದನಂತೆ. ಪಕ್ಕದಲ್ಲಿದ್ದವನು ‘ಸೂಪರ್ ನಾಲಿಗೆ ಗುರೂ’ ಎಂದ. ಅಷ್ಟೇ, ಕೈತಪ್ಪಿಹೋದ.

ಅದು ಸುಳ್ಳೂ ಅಲ್ಲ. ಜರ್ಮನ್ ಪದ್ಧತಿಯ ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣೂ ಇಲ್ಲ, ಲವಂಗವೂ ಇಲ್ಲ. ಅದಕ್ಕೆ ಹಾಕುವ ಯೀಸ್ಟ್ ಹುಳಿಸುವಾಗ ಆ ಎರಡೂ ವಾಸನೆ ತಾವಾಗಿ ಹುಟ್ಟುತ್ತವೆ. ಇದನ್ನು ಅವನು ನನಗೆ ಹನ್ನೊಂದು ಸಲ ವಿವರಿಸಿದ್ದಾನೆ. ಒಮ್ಮೆ ಅವರಮ್ಮನಿಗೂ ವಿವರಿಸಲು ಹೋದ: ಬಾರ್ಲಿ ನೆನೆಸಬೇಕು, ಮೊಳಕೆ ಬರಿಸಬೇಕು, ಒಣಗಿಸಿ ಹುರಿಯಬೇಕು, ಒಡೆದು ಬಿಸಿನೀರಲ್ಲಿ ಕದಡಬೇಕು. ಆ ತಾಯಿ ಅಕ್ಕಿ ಆರಿಸುತ್ತಲೇ ಕೇಳಿತು: “ರಾಗಿ ಮಾಲ್ಟು ಮಾಡಿದ ಹಾಗೇ ಅಲ್ಲೇನೋ? ಅದನ್ನ ಕಲಿಯಾಕೆ ಬೆಂಗಳೂರಿಗ್ಯಾಕೆ ಹೋದೆ?”

ಊರಿಗೆ ಬಂದ ಹೊಸದರಲ್ಲಿ ನಮ್ಮನ್ನೂ ಉದ್ಧಾರ ಮಾಡಲು ಹೊರಟ. ಬಸ್‌ಸ್ಟ್ಯಾಂಡ್ ಹತ್ತಿರದ ಬಾರಿಗೆ ಕರೆದುಕೊಂಡು ಹೋಗಿ ಕೂರಿಸಿದ. ಸಪ್ಲೈಯರ್ ಹೆಗಲ ಮೇಲಿನ ಬಟ್ಟೆಯಿಂದ ಟೇಬಲ್ ಒರೆಸಿ, ರೂಢಿಯ ಪ್ರಶ್ನೆ ಕೇಳಿದ: “ಸ್ಟ್ರಾಂಗಾ, ಮೈಲ್ಡಾ?”

ಆ ಪ್ರಶ್ನೆಯಲ್ಲಿ ಬಯಲುಸೀಮೆಯ ಬಿಯರ್ ಶಾಸ್ತ್ರವೆಲ್ಲ ಮುಗಿದುಹೋಗುತ್ತದೆ. ಆಲ್ಕೋಹಾಲ್ ಶೇಕಡ 5ರ ಒಳಗಿದ್ದರೆ ಮೈಲ್ಡು, 5 ದಾಟಿ 8ರವರೆಗೆ ಸ್ಟ್ರಾಂಗು. ಪಂಡಿತನಿಗೆ ಇದು ಸಾಲದು.

“ವೀಟ್ ಬಿಯರ್ ಇದೆಯೇನಪ್ಪಾ? ಗೋಧಿಯದು.”

“ಗೋಧಿ ಐಟಂ ಅಂದ್ರೆ ಚಪಾತಿ ಐತೆ ಸಾರ್.”

“ಚಪಾತಿ ಅಲ್ಲ ಮಾರಾಯ. ಮೂಸಿದರೆ ಬಾಳೆಹಣ್ಣು, ಲವಂಗದ ವಾಸನೆ ಬರಬೇಕು.”

ಸಪ್ಲೈಯರ್ ಸ್ವಲ್ಪ ಯೋಚಿಸಿ, ಬಾಗಿಲ ಕಡೆ ಕೈ ತೋರಿಸಿದ. “ಅದು ಹೊರಗೆ ಬೀಡಾ ಅಂಗಡೀಲಿ ಸಿಗ್ತೈತೆ ಸಾರ್, ಎರಡೂ.”

ಕೊನೆಗೆ ಇದ್ದದ್ದನ್ನೇ ತರಿಸಿದ. ಬಾಟಲಿ ಬಂದ ಮೇಲೆ ಶುರುವಾಯಿತು ವಿಧಿ. ಗ್ಲಾಸನ್ನು ನಲವತ್ತೈದು ಡಿಗ್ರಿ ಓರೆ ಮಾಡಿ ಸುರಿದ. ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ, ಎಕ್ಸ್‌ರೇ ನೋಡುವ ಡಾಕ್ಟರರ ಹಾಗೆ. ನೊರೆ ಎಷ್ಟು ಹೊತ್ತು ನಿಲ್ಲುತ್ತದೆಂದು ವಾಚು ನೋಡಿದ. ಗ್ಲಾಸು ತಿರುಗಿಸಿದ, ಮೂಗು ಒಳಗಿಟ್ಟ, ಮೀಸೆಗೆ ನೊರೆ ಹತ್ತಿಸಿಕೊಂಡ. ಒಂದು ಗುಟುಕು ಬಾಯಿಗೆ ಹಾಕಿ ಮುಕ್ಕಳಿಸಿದ. ಉಗುಳುತ್ತಾನೆಂದು ಸಪ್ಲೈಯರ್ ಬಕೆಟ್ ತಂದ. ಇಷ್ಟರಲ್ಲಿ ಪಕ್ಕದ ಟೇಬಲಿನವರು ಎರಡು ಬಾಟಲಿ ಮುಗಿಸಿ, ಜಗಳವಾಡಿ, ರಾಜಿಯಾಗಿ, ಮೂರನೆಯದಕ್ಕೆ ಹೇಳಿದ್ದರು. ಪಂಡಿತ ಪುಟ್ಟ ನೋಟ್‌ಬುಕ್ ತೆಗೆದು ಬರೆದ: ‘ಐದಕ್ಕೆ ಒಂದೂವರೆ.’

ಆ ನೋಟ್‌ಬುಕ್ ವಿಚಾರ ಹೇಳಲೇಬೇಕು. ಕನ್ನಡದಲ್ಲೇ ಬರೆಯುತ್ತಾನೆ, ಅದು ಅವನ ಅಭಿಮಾನ. ಟಾಯ್ಟ್‌ನ ಬಾಸ್ಮತಿ ಬ್ಲಾಂಡ್, ಆರ್ಬರ್‌ನ ರೇಜಿಂಗ್ ಎಲಿಫೆಂಟ್ ಎಲ್ಲಕ್ಕೂ ಒಂದೊಂದು ಪುಟ, ಕೆಳಗೆ ತಾರೀಖು, ಸಹಿ. ಅವನ್ನು ಓದಿ ಕೇಳಿಸುತ್ತಾನೆ. ನಾವು ನಂಬದಿದ್ದರೆ ಏನು ಗತಿ ಎಂದು ಒಮ್ಮೆ ಸಾಕ್ಷಿಯನ್ನೇ ತರಲು ಹೋದ. ಮೈಕ್ರೋಬ್ರೂವರಿಯ ಸರಕು ಅಲ್ಲೇ ಕೂತು ಕುಡಿಯುವಂಥದ್ದು. ಹೇಗೆ ಗಿಟ್ಟಿಸಿದನೋ ಕೇಳಬೇಡಿ. ಒಂದು ಲೀಟರ್ ಗೋಧಿ ಬಿಯರನ್ನು ಅಮ್ಮ ಕೊಟ್ಟಿದ್ದ ಸ್ಟೀಲ್ ಫ್ಲಾಸ್ಕಿನಲ್ಲಿ ತುಂಬಿಕೊಂಡು ಬಳ್ಳಾರಿ ಬಸ್ಸು ಹತ್ತಿದ. ಬೇಸಿಗೆ. ಸೋಸದ ಬಿಯರ್, ಒಳಗೆ ಯೀಸ್ಟಿಗೆ ಇನ್ನೂ ಜೀವ. ಜೊತೆಗೆ ನಮ್ಮ ರಸ್ತೆಯ ಕುಲುಕಾಟ. ಹಿರಿಯೂರು ದಾಟುತ್ತಲೂ ತಲೆಯ ಮೇಲಿನ ರ‍್ಯಾಕಿನಲ್ಲಿ ‘ಢಬ್’ ಎಂದಿತು. ಮುಚ್ಚಳ ಚಾವಣಿಗೆ ಬಡಿಯಿತು, ನೊರೆ ಮೂರು ಸೀಟಿಗೆ ಅಭಿಷೇಕವಾಯಿತು. ಕಿಟಕಿ ಪಕ್ಕದ ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, ಮೂಸಿ, “ಯಾರ್ದೋ ಬಾಳೆಹಣ್ಣಿನ ರಸಾಯನ ಕೆಟ್ಟೋಗೈತೆ ನೋಡ್ರಪ್ಪಾ” ಎಂದಳು. ಪಂಡಿತ ಇವತ್ತಿಗೂ ಆ ಅಜ್ಜಿಯನ್ನು ನೆನೆದು ಗದ್ಗದಿತನಾಗುತ್ತಾನೆ. ಇಡೀ ಜಿಲ್ಲೆಯಲ್ಲಿ ಅವನ ವಿಮರ್ಶೆಯನ್ನು ಒಪ್ಪಿದ ಜೀವ ಅದೊಂದೇ.

ಅವರಪ್ಪನಂತೂ ಒಪ್ಪುವವರಲ್ಲ. ಯಜಮಾನರು ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಶೇಂಗಾ ದಲಾಲಿ ಮಾಡಿದವರು. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕಾಯಿ ತೆಗೆಯುವರು. ಒಂದನ್ನು ಕಿವಿಯ ಹತ್ತಿರ ಅಲುಗಿಸುವರು. ಗಲಗಲ ಅಂದರೆ ಒಣಗಿದೆ, ಸುಮ್ಮನಿದ್ದರೆ ತೇವ ಇದೆ. ಹೆಬ್ಬೆರಳಲ್ಲಿ ಒಡೆದು, ಬೀಜದ ಕೆಂಪು ಸಿಪ್ಪೆ ತಿಕ್ಕಿ, ಮುಂದಿನ ಹಲ್ಲಲ್ಲಿ ಅರ್ಧ ಕಡಿದು, ಅರೆಕ್ಷಣ ಸುಮ್ಮನಿರುವರು. ಆಮೇಲೆ ರೇಟು. ಯಾವ ಕಡೆ ಹೊಲದ್ದು, ಎಷ್ಟು ಎಣ್ಣೆ ಬಿಟ್ಟೀತು, ಮೂಟೆಯಲ್ಲಿ ಎಷ್ಟು ದಿನ ಕೂತಿತ್ತು ಎಲ್ಲ ಆ ಅರೆಕ್ಷಣದಲ್ಲೇ ತೀರ್ಮಾನ. ನೋಟ್‌ಬುಕ್ ಇಲ್ಲ, ಐದಕ್ಕೆ ಎಷ್ಟು ಎಂಬುದಿಲ್ಲ. ಈಚಲ ಮರದ ಹೆಂಡದ ಬಗ್ಗೆ ಅವರ ಸಮಗ್ರ ವಿಮರ್ಶೆ ಹೀಗಿತ್ತು: “ಬೆಳಗಿನದು ಸಿಹಿ, ಮಧ್ಯಾಹ್ನದ್ದು ಹುಳಿ, ಸಂಜೇದು ಜಗಳ.”

ಮಗ ಒಂದು ದಿನ ಇಂಡಿಯಾ ಪೇಲ್ ಏಲ್‌ನ ಕಥೆ ತೆಗೆದ. ಇಂಗ್ಲೆಂಡಿನಿಂದ ಹೊರಟ ಬಿಯರ್ ಹಡಗಿನಲ್ಲಿ ತಿಂಗಳುಗಟ್ಟಲೆ ತೂಗಾಡಿ ನಮ್ಮ ದೇಶಕ್ಕೆ ಬರಬೇಕಿತ್ತು. ಅದಕ್ಕೇ ಹಾಪ್ಸ್ ಎಂಬ ಕಹಿ ಹೂವನ್ನು ಧಾರಾಳವಾಗಿ ಹಾಕುತ್ತಿದ್ದರು. ಆ ಕಹಿಯೇ ಇವತ್ತು ಜಗತ್ತಿಗೆಲ್ಲ ಶೋಕಿ. ಹೆಸರಲ್ಲೇ ‘ಇಂಡಿಯಾ’ ಇದೆ ಎಂದು ಎದೆಯುಬ್ಬಿಸಿದ. ಅಪ್ಪ ಕೇಳಿಸಿಕೊಂಡು, “ಕೆಡಬಾರದು ಅಂತ ಹಾಕಿದ್ದು, ಉಪ್ಪಿನಕಾಯಿಗೆ ಉಪ್ಪು ಸುರಿದ ಹಾಗೆ. ಈಗ ಹಡಗೂ ಇಲ್ಲ, ತಿಂಗಳೂ ಇಲ್ಲ. ಇನ್ನೂ ಯಾಕೆ ಅಷ್ಟು ಕಹಿ ಕುಡೀತೀರಿ?” ಎಂದರು. ಮಗನಿಗೆ ಉತ್ತರ ಹೊಳೆಯಲಿಲ್ಲ.

ನಿಜವಾದ ಪರೀಕ್ಷೆ ನಡೆದದ್ದು ಮೊಳಕಾಲ್ಮೂರಿನಲ್ಲಿ, ಹೆಂಡತಿಯ ತವರಿನಲ್ಲಿ. ಮಾವ ರೇಷ್ಮೆ ಸೀರೆ ನೇಯುವವರು. ಅಳಿಯ ಸ್ನಾನಕ್ಕೆ ಹೋಗಿದ್ದಾಗ ಮಂಚದ ಮೇಲಿದ್ದ ನೋಟ್‌ಬುಕ್ ಮಾವನ ಕೈಗೆ ಸಿಕ್ಕಿತು. ತೆರೆದ ಪುಟದಲ್ಲಿತ್ತು: ‘ಬಣ್ಣ ಗಾಢ ಹಳದಿ. ಕಲಕಲು. ಮೇಲೆ ತೆಳು ನೊರೆ. ಮೈಯಲ್ಲಿ ಶಕ್ತಿ ಇಲ್ಲ. ಕೊನೆಗೆ ಬಾಯೆಲ್ಲ ಕಹಿ. ಐದಕ್ಕೆ ಎರಡೂವರೆ.’

ಅಳಿಯ ತಲೆ ಒರೆಸಿಕೊಳ್ಳುತ್ತ ಬಂದಾಗ ಮಾವ ಮಗ್ಗ ನಿಲ್ಲಿಸಿ, ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು.

“ಯಾರಿಗೆ ಅಳಿಯಂದ್ರೇ ಕಾಮಾಲೆ?”

“ಕಾಮಾಲೆ?”

“ಮುಚ್ಚಿಡಬೇಡಿ. ಐದಕ್ಕೆ ಎರಡೂವರೆ ಅಂತ ಡಾಕ್ಟ್ರು ಬರೆದವ್ರೆ. ಅಂದ್ರೆ ಅರ್ಧಕ್ಕರ್ಧ. ನಮ್ಮ ಕಡೆ ಸೊಪ್ಪಿನ ಔಷಧಿ ಕೊಡೋರವ್ರೆ, ಈಗಲೇ ಹೋಗಾಣ ನಡೀರಿ.”

ಒಳಗಿನಿಂದ ಮಗಳು ಬಂದು ಗಂಡನ ಮಾನ ಕಾಪಾಡಿದಳೋ ಕಳೆದಳೋ: “ಕಾಮಾಲೆ ಅಲ್ಲಪ್ಪಾ. ಇವರು ಬಿಯರಿಗೆ ಮಾರ್ಕ್ಸ್ ಕೊಡ್ತಾರೆ.”

ಮಾವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಕುಡಿದು ಫೇಲಾದೋರನ್ನ ನೋಡಿದ್ದೆ. ಕುಡಿದದ್ದನ್ನೇ ಫೇಲ್ ಮಾಡೋರನ್ನ ಈಗ ನೋಡ್ತಿದೀನಿ” ಎಂದರು.

ಮುಳುಗಿದವನಿಗೆ ಚಳಿಯೇನು ಎಂದು ಅಳಿಯ ಎಲ್ಲವನ್ನೂ ಬಿಡಿಸಿ ಹೇಳಿದ. ಬಿಯರಿಗೆ ‘ಬಾಡಿ’ ಇರುತ್ತದೆ, ಬಾಯಲ್ಲಿ ಅದರ ತೂಕ ಗೊತ್ತಾಗಬೇಕು. ಮೇಲಿನ ನೊರೆ ‘ಹೆಡ್’. ನುಂಗಿದ ಮೇಲೆ ಉಳಿಯುವುದು ‘ಫಿನಿಶ್’. ನೇಕಾರ ಮಾವನಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಮಗ್ಗದ ಮೇಲಿದ್ದ ಸೀರೆಯನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜುತ್ತ ಹೇಳಿದರು: “ಬಾಡಿ ಅಂದ್ರೆ ಒಡಲು. ಹೆಡ್ಡು ಅಂದ್ರೆ ಅಂಚು, ಮೊದಲು ಕಣ್ಣಿಗೆ ಬೀಳೋದು. ಫಿನಿಶ್ ಅಂದ್ರೆ ಸೆರಗು, ಮನುಷ್ಯ ದಾಟಿಹೋದ ಮೇಲೂ ಕಾಣ್ತಿರೋದು. ಒಡಲು ಜಾಳಾಗಿದ್ದು ಸೆರಗು ಜೋರಿದ್ರೆ ಗಿರಾಕಿಗೆ ಟೋಪಿ ಅಂತ ಅರ್ಥ. ನಿಮ್ಮ ಬೆಂಗಳೂರಾಗೆ ಅಂಥವು ಜಾಸ್ತಿ ಇರ್ಬೇಕು, ಅಲ್ವಾ?”

ಅಳಿಯ ನೋಟ್‌ಬುಕ್ಕಿನ ಪುಟ ತಿರುವಿ ತಿರುವಿ ನೋಡಿದ. ಹೌದು, ಜಾಸ್ತಿ ಇದ್ದವು.

ಆ ಸಂಜೆ ಮನಸ್ಸು ಹಗುರಾಗಲೆಂದು ಬ್ರಹ್ಮಗಿರಿಗೆ ಹೋದೆವು, ನಾನೂ ಜೊತೆಗಿದ್ದೆ. ಅದೇ ತಾಲ್ಲೂಕಿನಲ್ಲಿದೆ ಅಶೋಕನ ಬಂಡೆಗಲ್ಲಿನ ಶಾಸನ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ತಂದೆತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎಂದೆಲ್ಲ ಬ್ರಾಹ್ಮಿ ಲಿಪಿಯಲ್ಲಿ ಬರೆದು, ಕೊನೆಗೆ ಲಿಪಿಕಾರ ಚಪಡ ತನ್ನ ಹೆಸರು ಹಾಕಿಕೊಂಡಿದ್ದಾನೆ. ಹಾಕಿಕೊಳ್ಳಲಿ. ಆದರೆ ‘ಲಿಪಿಕಾರ’ ಎಂಬ ಆ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಅದು ದೂರದ ವಾಯವ್ಯ ಗಡಿಯ, ಬಲದಿಂದ ಎಡಕ್ಕೆ ಓಡುವ ಲಿಪಿ. ಈ ಸೀಮೆಯಲ್ಲಿ ಅದನ್ನು ಓದುವವರು ಯಾರಿದ್ದರು? ತನಗೆ ಅದೂ ಬರುತ್ತದೆ ಎಂದು ತೋರಿಸಬೇಕಿತ್ತು, ತೋರಿಸಿದ. ನಾನು ಪಂಡಿತನ ಮುಖ ನೋಡಿದೆ. ಅವನು ಜೇಬಿನ ನೋಟ್‌ಬುಕ್ಕನ್ನು ಇನ್ನಷ್ಟು ಒಳಕ್ಕೆ ತಳ್ಳಿದ.

ಮುಂದಿನ ವಾರ ಮತ್ತೆ ಅದೇ ಬಾರು, ಅದೇ ಟೇಬಲ್ಲು. ಸಪ್ಲೈಯರ್ ಈಗ ಪಳಗಿದ್ದ. ಬಾಟಲಿಯನ್ನು ತಾನೇ ಬೆಳಕಿಗೆ ಹಿಡಿದು ತೋರಿಸಿ, “ಒಡಲು ನೋಡ್ಕಳಿ ಸಾರ್” ಎಂದ. ಮೊಳಕಾಲ್ಮೂರಿನ ಕಥೆ ಅಷ್ಟರಲ್ಲಿ ಊರು ಸುತ್ತಿತ್ತು, ಸುತ್ತಿಸಿದವನು ನಾನೇ. ಜೊತೆಗೆ ಒಂದು ಪ್ಲೇಟ್ ಮಸಾಲೆ ಶೇಂಗಾ ಇಟ್ಟ. ಪಂಡಿತ ಗ್ಲಾಸಿಗೆ ಬಿಯರ್ ಸುರಿಯುತ್ತಲೇ ಎರಡು ಬೀಜ ಬಾಯಿಗೆ ಹಾಕಿಕೊಂಡ. ಕೈ ನಿಂತಿತು. ಮುಂದಿನ ಹಲ್ಲು, ಅರೆಕ್ಷಣ ಮೌನ.

“ಇದು ಹೋದ ವರ್ಷದ ಮಾಲು. ಮೂಟೇಲಿ ಮಳೆ ನೀರು ಕುಡಿದೈತೆ, ಮತ್ತೆ ಒಣಗಿಸವ್ರೆ. ಕರಿದಿರೋದು ಶೇಂಗಾ ಎಣ್ಣೇಲಿ ಅಲ್ಲ, ಪಾಮೋಲಿನ್ನಲ್ಲಿ. ಅದೂ ಮೂರನೇ ಸಲ ಕಾಯಿಸಿದ್ದು.”

ಇಂಗ್ಲಿಷ್ ಇಲ್ಲ, ಮೂಗು ಇಳಿಸಲಿಲ್ಲ, ವಾಚು ನೋಡಲಿಲ್ಲ. ಸಪ್ಲೈಯರ್ ಪ್ಲೇಟೆತ್ತಿಕೊಂಡು ಒಳಗೆ ಹೋದ. ಗಲ್ಲಾದಿಂದ ಮಾಲೀಕರೇ ಎದ್ದು ಬಂದರು. ನಮ್ಮ ಟೇಬಲ್ ಮುಂದೆ ನಿಂತು ಇವನನ್ನು ಮೇಲಿಂದ ಕೆಳಗೆ ನೋಡಿದರು. ಜಗಳವೇ ಎಂದು ನಾನು ಕುರ್ಚಿ ಹಿಂದೆ ಸರಿಸಿದೆ.

“ಯಾರ ಮಗ ನೀವು?” ಎಂದು ಕೇಳಿದರು.

ಪಂಡಿತ ಅಪ್ಪನ ಹೆಸರು ಹೇಳಿದ. ಮಾಲೀಕರು ತಲೆದೂಗಿ, ಬೇರೆ ಪ್ಲೇಟಿಗೆ ಹೇಳಿ, ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಮಾತು ಆ ವರ್ಷದ ಮಳೆ, ಬಿತ್ತನೆ, ಮಿಲ್ಲುಗಳ ಕಾಲಕ್ಕೆ ಹೋಯಿತು. ನೋಟ್‌ಬುಕ್ ಅವತ್ತು ಹೊರಗೆ ಬರಲೇ ಇಲ್ಲ. ಗ್ಲಾಸಿನ ನೊರೆ ಇಳಿದು, ಬಿಯರ್ ಬೆಚ್ಚಗಾಗಿ, ಯಾರೂ ಕೇಳುವವರಿಲ್ಲದೆ ಕೂತಿತ್ತು. ತನಗೆ ಐದಕ್ಕೆ ಎಷ್ಟು ಬಂತೆಂದು ಅದಕ್ಕೆ ಗೊತ್ತಾಗಲೇ ಇಲ್ಲ.